ಗಾಜಿನಲ್ಲಿ ಕಾಣದ ನೀರು

ನೀರು ತುಂಬಿದ ಗಾಜಿನ ಕೊಳವೆಯೂ ಒಂದು ಹನಿಯೂ ಇಲ್ಲದ ಗಾಜಿನ ಕೊಳವೆಯೂ ನೋಡುವ ಕಣ್ಣಿಗೆ ಒಂದೇ. ಅರ್ಧ ತುಂಬಿದ್ದರೆ ನೀರಿನ ಗೆರೆ ಕಾಣುತ್ತದೆ, ನಿಶ್ಚಿಂತೆ. ಗೆರೆಯೇ ಕಾಣದಿದ್ದರೆ ಅದು ಅಳೆಯುವ ಬಾಯ್ಲರು ಕಂಠಮಟ್ಟ ತುಂಬಿದೆಯೋ ಬತ್ತಿಹೋಗಿದೆಯೋ ದೇವರಿಗೇ ಗೊತ್ತು. ಅದಕ್ಕೇ ಹಿಂದಿನವರು ಆ ಗಾಜಿನ ಬೆನ್ನಿಗೆ ಓರೆ ಪಟ್ಟೆಗಳ ಒಂದು ತಗಡು ಕೂರಿಸಿದ್ದರು. ನೀರಿರುವಷ್ಟು ಎತ್ತರಕ್ಕೆ ಪಟ್ಟೆಗಳು ಎಡಕ್ಕೆ ವಾಲಿದಂತೆ ಕಾಣುತ್ತಿದ್ದವು, ನೀರಿಲ್ಲದ ಕಡೆ ಬಲಕ್ಕೆ. ಕುಡಿದು ಬಂದವನಿಗೂ ತಿಳಿಯುವಂಥ ಏರ್ಪಾಡು. ಆ ತಗಡಿಗೆ ಲಯಲ್ ಪ್ರೆಂಟಿಸ್ ಕೆನೆಬಣ್ಣ ಬಳಿಸಿದ.

ಲಯಲ್ ನಮ್ಮ ‘ಇಸಬೆಲ್ ಥಾರ್ನ್’ ಉಗಿದೋಣಿಯ ಸಂರಕ್ಷಣಾ ಸಮಿತಿಯ ಅಧ್ಯಕ್ಷ. ನಮ್ಮೂರು ಎಚುಕಾದಲ್ಲಿ ನಿವೃತ್ತರಾದ ಗಂಡಸರೆಲ್ಲ ಒಂದೋ ಮರ್ರೀ ನದಿಯಲ್ಲಿ ಮೀನು ಹಿಡಿಯುತ್ತಾರೆ, ಇಲ್ಲವೇ ಹಳೆಯ ದೋಣಿಗಳಿಗೆ ಬಣ್ಣ ಬಳಿಯುತ್ತಾರೆ. ಲಯಲ್‌ಗೆ ಮೀನು ಸಿಗಲಿಲ್ಲ. ಎಲ್ಲಿಂದಲೋ ಒಂದು ಹಳೆಯ ಫೋಟೊ ಹಿಡಿದುಕೊಂಡು ಸಭೆಗೆ ಬಂದ. ಅದರಲ್ಲಿ ಆ ತಗಡು ಬೋಳಾಗಿತ್ತು. “ಮೂಲದಲ್ಲಿ ಪಟ್ಟೆ ಇರ್ಲಿಲ್ಲ. ಮೂಲ ಹೇಗಿತ್ತೋ ಹಾಗೇ ಇರ್ಬೇಕು” ಎಂದ. ನಾನು ಜಗಳಕ್ಕೆ ನಿಂತೆ. ನನ್ನ ಮಾತನ್ನು ಅರ್ಧಕ್ಕೆ ತಡೆದವನು ಬೇರೆ ಯಾರೂ ಅಲ್ಲ, ನನ್ನ ಗಂಡ ಡಡ್ಲಿ.

“ಬಿಡು ವರ್ನಾ. ನಲವತ್ತು ವರ್ಷದಿಂದ ಆ ಗಾಜು ನೋಡ್ತಿದೀನಿ. ನನಗೆ ಪಟ್ಟೆ ಬೇಕಾ?”

ಡಡ್ಲಿ ಇಸಬೆಲ್‌ನ ಎಂಜಿನ್ ನಡೆಸುವವನು. ದೋಣಿ ನಮಗೆ ಹೆಣ್ಣೇ; ನಾನು ಅವಳ ಒಲೆಗೆ ಕೆಂಪು ಗಮ್ ಮರದ ಕೊರಡು ಹಾಕುವವಳು. ಗಂಡಸರ ಕೆಲಸಕ್ಕೆ ಹೆಂಗಸು ಯಾಕೆ ಎಂದವರಿಗೆಲ್ಲ ಒಂದೊಂದು ಕೊರಡು ಎತ್ತಿಸಿ ಬಾಯಿ ಮುಚ್ಚಿಸಿದ್ದೇನೆ. ಆದರೆ ಸಮಿತಿಯ ಬಾಯಿ ಮುಚ್ಚಿಸುವುದು ನನ್ನಿಂದಾಗಲಿಲ್ಲ. ಆ ಚಳಿಗಾಲದಲ್ಲಿ ಅವರು ಇನ್ನೊಂದು ಠರಾವು ಮಾಡಿದರು. ಗಾಜಿನ ಕೆಳಗೊಂದು ಸಣ್ಣ ತಿರುಪು ಇದೆ. ಆಗಾಗ ಅದನ್ನು ತೆರೆದರೆ ಕುದಿಯುವ ನೀರು ಬುಸ್ಸೆಂದು ಹೊರಗೆ ಚಿಮ್ಮುತ್ತದೆ. ಮುಚ್ಚಿದಾಗ ಗಾಜಿನಲ್ಲಿ ನೀರು ಮತ್ತೆ ಏರಿ ನಿಂತರೆ ಎಲ್ಲ ಸರಿಯಿದೆ ಎಂದರ್ಥ. ಒಮ್ಮೆ ಹಾಗೆ ಚಿಮ್ಮಿದ ನೀರು ಪ್ರವಾಸಿ ಹೆಂಗಸೊಬ್ಬಳ ಪಾದಕ್ಕೆ ಬಿತ್ತು. ಅಂದಿನಿಂದ ಜನರಿದ್ದಾಗ ತಿರುಪು ಮುಟ್ಟಕೂಡದು ಎಂದಾಯಿತು. ಅಂದರೆ ನಮಗೆ ಎರಡು ಕಣ್ಣಿದ್ದವು, ಒಂದಕ್ಕೆ ಬಣ್ಣ ಬಳಿದರು, ಇನ್ನೊಂದಕ್ಕೆ ಬಟ್ಟೆ ಕಟ್ಟಿದರು.

ಆ ದಿನ ಜುಲೈ ತಿಂಗಳ ಮಧ್ಯಾಹ್ನ, ನಮ್ಮ ಕಡೆ ನಡುಚಳಿಗಾಲ. ಮೂಳೆ ಕೊರೆಯುವ ಚಳಿ. ಹಿಂದಿನ ವಾರ ಮಳೆಯಾಗಿ ನದಿ ಕದಡಿತ್ತು, ಮರದ ತೊಗಟೆ, ಎಲೆ, ಕೆಂಪು ಪಾಚಿ ಎಲ್ಲ ತೇಲಿಕೊಂಡು ಬರುತ್ತಿದ್ದವು. ದೋಣಿ ತುಂಬ ಜನ. ಟೀ, ಸ್ಕೋನು, ಜಾಮು ಎಂದು ತಿನ್ನುತ್ತ, ಎರಡೂ ಪಕ್ಕದ ಚಕ್ರಗಳು ನೀರು ಬಡಿಯುವುದನ್ನು ನೋಡುತ್ತ ಕೂತಿದ್ದರು. ಲಯಲ್ ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಮದುವೆ ಮನೆಯ ಯಜಮಾನನಂತೆ ಓಡಾಡುತ್ತಿದ್ದ. ನನ್ನ ಮಗಳು ಟೀಗನ್ ಕೂಡ ಬಂದಿದ್ದಳು. ತುಂಬು ಗರ್ಭಿಣಿ. ಬಾಯ್ಲರಿನ ಪಕ್ಕದ ಬೆಂಚೇ ಬೇಕೆಂದು ಹಟ ಹಿಡಿದು ಅಲ್ಲೇ ಒರಗಿಕೊಂಡಳು.

“ಇಲ್ಲೇ ಇರ್ತೀನಮ್ಮ. ಬೆನ್ನಿಗೆ ಹಿತವಾಗಿದೆ.”

“ಇರು. ಆದ್ರೆ ಅಪ್ಪನ ಹತ್ರ ಹೆಸರಿನ ಮಾತೆತ್ತಬೇಡ.”

“ಯಾಕೆ ಎತ್ತಬಾರ್ದು?” ಡಡ್ಲಿ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಕ್ಕ. “ಹೆಣ್ಣಾದ್ರೆ ಇಸಬೆಲ್. ಗಂಡಾದ್ರೆ ಬಾಯ್ಲರ್.”

“ಅಪ್ಪಾ!”

“ಬಾಯ್ಲರ್ ಅಂದ್ರೇನು ಕಮ್ಮಿನಾ? ಗುಂಡಗೆ, ಬೆಚ್ಚಗೆ, ಯಾವಾಗ್ಲೂ ಹಸಿವು.”

ನಾನೂ ನಕ್ಕೆ. ನಗುತ್ತಲೇ ಒಲೆಗೆ ಒಂದು ಕೊರಡು ತಳ್ಳಿ, ಬಾಗಿಲು ಮುಚ್ಚಿ, ಅಭ್ಯಾಸಬಲದಿಂದ ಗಾಜಿನ ಕಡೆ ನೋಡಿದೆ. ಗೆರೆ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಸ್ವಚ್ಛವಾದ ಗಾಜು, ಅದರ ಹಿಂದೆ ಲಯಲ್‌ನ ಕೆನೆಬಣ್ಣ.

“ಡಡ್ಲಿ, ಗೆರೆ ಎಲ್ಲಿ?”

“ತುಂಬಿದೆ ಕಣೇ. ಪಂಪು ಜಾಸ್ತಿ ಹೊತ್ತು ಬಿಟ್ಟಿದ್ದೆ. ಆಗ್ಲೇ ನಿಲ್ಲಿಸಿದೀನಿ.”

ನಾನು ಪಂಪಿನಿಂದ ಬಾಯ್ಲರಿಗೆ ಹೋಗುವ ಕೊಳವೆಯನ್ನು ಮುಟ್ಟಿ ನೋಡಿದೆ. ಈ ಪಂಪು ಎಂಜಿನ್ ತಿರುಗುವಷ್ಟು ಹೊತ್ತೂ ತಿರುಗುತ್ತದೆ, ಅದರದೇ ಬೇರೆ ತಿರುಪು ತೆರೆದರೆ ನದಿಯ ನೀರನ್ನು ಒಳಗೆ ತಳ್ಳುತ್ತದೆ. ನೀರು ಹರಿದಿದ್ದರೆ ಕೊಳವೆ ತಣ್ಣಗಿರಬೇಕಿತ್ತು. ಅದು ಸುಡುತ್ತಿತ್ತು. ಆದರೆ ಪಂಪು ನಿಲ್ಲಿಸಿ ಬಹಳ ಹೊತ್ತಾಗಿದ್ದರೂ ಸುಡುತ್ತದಲ್ಲ? ಹಾಗೂ ಇರಬಹುದು, ಹೀಗೂ ಇರಬಹುದು.

ಬಾಯ್ಲರ್ ತುಂಬಿದ್ದರೆ ಏನೂ ಕೇಡಿಲ್ಲ, ಎಂಜಿನ್ ನಾಲ್ಕು ಸಲ ಕೆಮ್ಮೀತು. ಬತ್ತಿದ್ದರೆ ಬೇರೆಯೇ ಮಾತು. ಒಲೆ ಇರುವುದು ಬಾಯ್ಲರಿನ ಒಳಗೇ, ಅದರ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನಿಂತಿಲ್ಲದಿದ್ದರೆ ಆ ಉಕ್ಕು ಕೆಂಪಗೆ ಕಾಯುತ್ತದೆ. ಕೆಂಪಗೆ ಕಾದ ಉಕ್ಕಿನ ಮೇಲೆ ನೀರು ಬಿದ್ದರೆ ದೋಣಿ ಇರುವುದಿಲ್ಲ, ದೋಣಿಯಲ್ಲಿದ್ದವರೂ ಇರುವುದಿಲ್ಲ. ನನ್ನ ಮಗಳು ಆ ಬಾಯ್ಲರಿಗೇ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದಳು.

“ತಿರುಪು ತೆರೆದು ನೋಡೋಣ” ಎಂದೆ, ಅವಳಿಗೆ ಕೇಳದ ಹಾಗೆ.

“ಜನ ಇದಾರೆ. ಲಯಲ್ ಇಲ್ಲೇ ಇದಾನೆ. ಸುಮ್ನಿರು.”

“ನಂಗೆ ಹೆದರಿಕೆ ಆಗ್ತಿದೆ ಡಡ್ಲಿ.”

“ಅಯ್ಯೋ, ನಿನ್ನದೊಂದು!” ಅವನಿಗೆ ರೇಗಿತು. “ಇರು, ಇನ್ನಷ್ಟು ನೀರು ಬಿಡ್ತೀನಿ. ಆಗ್ಲಾದ್ರೂ ಸಮಾಧಾನ ಆಗುತ್ತಾ?”

ಅವನ ಕೈ ಪಂಪಿನ ತಿರುಪಿಗೆ ಹೋಯಿತು. ನಾನು ಆ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇಷ್ಟು ವರ್ಷಗಳ ಸಂಸಾರದಲ್ಲಿ ಅವನನ್ನು ಹಾಗೆ ಹಿಡಿದದ್ದಿಲ್ಲ.

“ಮುಟ್ಟಬೇಡ. ಬತ್ತಿದ್ರೆ?”

ಅವನು ನನ್ನ ಮುಖ ನೋಡಿದ. ನಾನು ಅವನನ್ನು ಬಿಟ್ಟು, ಬಗ್ಗಿ, ಗಾಜಿನ ಕೆಳಗಿನ ತಿರುಪು ತೆರೆದೆ.

“ವರ್ನಾ! ಏನ್ಮಾಡ್ತಿದೀರಿ? ಠರಾವು ಮರೆತ್ರಾ?” ಲಯಲ್ ಆ ಕಡೆಯಿಂದಲೇ ಕೂಗಿದ.

ನೀರು ಬರಲಿಲ್ಲ. ಒಣ ಉಗಿ ಮಾತ್ರ ಸೀಳಿಕೊಂಡು ಬಂತು, ಬಿಳಿಯೂ ಅಲ್ಲ, ಕಣ್ಣಿಗೆ ಕಾಣದಂಥದ್ದು. ತಿರುಪು ಮುಚ್ಚಿದೆ. ಗಾಜು ಹೇಗಿತ್ತೋ ಹಾಗೇ ಇತ್ತು. ಗೆರೆ ಏರಲಿಲ್ಲ. ಡಡ್ಲಿಯ ಮುಖ ನಾನು ನೋಡುತ್ತಿದ್ದ ಹಾಗೇ ಬೂದಿಯ ಬಣ್ಣಕ್ಕೆ ತಿರುಗಿತು.

“ಬೆಂಕಿ ಮುಚ್ಬೇಕು” ಎಂದ. “ಒದ್ದೆ ಬೂದಿ. ಎಂಜಿನ್ ಒಮ್ಮೆಗೇ ನಿಲ್ಲಿಸಲ್ಲ, ನಿಧಾನ ಮಾಡ್ತೀನಿ. ದೋಣಿ ವಾಲಬಾರ್ದು ವರ್ನಾ. ಏನೇ ಆದ್ರೂ ವಾಲಬಾರ್ದು.”

ವಾಲಿದರೆ ತಳದಲ್ಲಿ ಉಳಿದಿರುವ ಚೂರುಪಾರು ನೀರು ಒಂದು ಮಗ್ಗುಲಿಗೆ ಹೋಗಿ, ಮತ್ತೆ ತಿರುಗಿ ಬಂದು ಕಾದ ನೆತ್ತಿಯ ಮೇಲೆ ಹರಿಯುತ್ತದೆ. ಉಗಿಯ ಸೀಟಿ ಎಳೆದರೂ ಅಷ್ಟೇ. ಉಗಿ ಒಮ್ಮೆಲೇ ಹೊರಟರೆ ಒಳಗಿನ ನೀರು ಉಕ್ಕಿ ಮೇಲೆ ಹಾರುತ್ತದೆ. ನಾನು ಬೂದಿಯ ಬಕೆಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಮುಂದಿನ ತಿರುವಿನ ಮರಗಳ ಮೇಲೆ ಹೊಗೆ ಕಾಣಿಸಿತು. ‘ಮೇರಿ ಪೆಲ್ಹಮ್’ ಎಂಬ ಇನ್ನೊಂದು ಉಗಿದೋಣಿ ಎದುರಿಗೆ ಬರುತ್ತಿತ್ತು.

ನಮ್ಮ ನದಿಯಲ್ಲಿ ಎರಡು ಉಗಿದೋಣಿ ಎದುರಾದರೆ ಅವಳು ಮೂರು ಸಲ ಸೀಟಿ ಹಾಕುತ್ತಾಳೆ, ಇವಳು ಮೂರು ಸಲ. ಉಣ್ಣೆಯ ಮೂಟೆ ಹೊತ್ತು ತಿರುಗುತ್ತಿದ್ದ ಕಾಲದಿಂದ ಬಂದ ಪದ್ಧತಿ. ಸೀಟಿ ಕೇಳಿದ್ದೇ ತಡ, ದೋಣಿಯಲ್ಲಿರುವ ಜನರೆಲ್ಲ ಎದ್ದು ಆ ಪಕ್ಕಕ್ಕೆ ಓಡಿ ಕೈ ಬೀಸುತ್ತಾರೆ. ದೋಣಿ ಆ ಕಡೆಗೆ ವಾಲುತ್ತದೆ, ಮಕ್ಕಳು ಕಿರುಚುತ್ತಾರೆ, ಫೋಟೊ ತೆಗೆಯುತ್ತಾರೆ. ಅದಕ್ಕೆಂದೇ ದುಡ್ಡು ಕೊಟ್ಟು ಬರುವವರಿದ್ದಾರೆ.

ನಾನು ಮೇಲಿನ ಚುಕ್ಕಾಣಿಕೋಣೆಗೆ ಮಾತಾಡುವ ಹಿತ್ತಾಳೆ ಕೊಳವೆಗೆ ಬಾಯಿ ಹಚ್ಚಿದೆ. ಅಲ್ಲಿ ನಮ್ಮ ಕ್ಯಾಪ್ಟನ್ ರೆಕ್ಸ್ ಹ್ಯಾಲಮ್ ಇದ್ದ.

“ರೆಕ್ಸ್, ಸೀಟಿ ಎಳೀಬೇಡ.”

“ಏನು?”

“ಸೀಟಿ ಎಳೀಬೇಡ ಅಂದೆ! ಬಾಯ್ಲರಲ್ಲಿ ನೀರಿಲ್ಲ. ದೋಣಿ ಗಕ್ಕನೆ ತಿರುಗಿಸಲೂಬೇಡ. ನೇರ ಹೋಗ್ತಾ ಇರು.”

ಕೊಳವೆಯಲ್ಲಿ ಅವನ ಉಸಿರು ಕೇಳಿಸಿತು. “ಮೇರಿ ಪೆಲ್ಹಮ್ ಬರ್ತಿದೆ ಕಣೇ ಮಾರಾಯ್ತಿ. ಅವಳಿಗೆ ಉತ್ತರ ಕೊಡದೆ ಹೋದ್ರೆ ದೋಣೀಲಿ ಹೆಣ ಇದೆ ಅಂತ ಅರ್ಥ.”

“ಎಳೆದ್ರೆ ಇರುತ್ತೆ.”

ನಾನು ತಿರುಗಿ ನೋಡಿದರೆ ಡಡ್ಲಿ ಒಲೆಯ ಬಾಗಿಲು ತೆರೆದು ಬೂದಿ ಎರಚುತ್ತಿದ್ದ. ಒಲೆಯ ನೆತ್ತಿಯಲ್ಲಿ ಒಂದು ಸೀಸದ ಬಿರಟೆ ಇದೆ. ಅತಿಯಾಗಿ ಕಾದರೆ ಅದು ಕರಗಿ, ಆ ತೂತಿನಿಂದ ಉಗಿ ನುಗ್ಗಿ ಬೆಂಕಿಯನ್ನು ಆರಿಸಬೇಕು. ದೋಣಿಯನ್ನು ಉಳಿಸಲೆಂದೇ ಇರುವ ಬಿರಟೆ. ಆದರೆ ಅದು ಕರಗುವ ಹೊತ್ತಿಗೆ ತೆರೆದ ಬಾಗಿಲ ಮುಂದೆ ನಿಂತವನನ್ನು ಉಳಿಸುವವರಿಲ್ಲ, ಉಗಿಯೂ ಕೆಂಡವೂ ಒಟ್ಟಿಗೆ ಅವನ ಮುಖಕ್ಕೆ ಬರುತ್ತವೆ. ನಾನು ಸಲಿಕೆ ಕಿತ್ತುಕೊಳ್ಳಲು ಹೋದೆ. ಅದು ನನ್ನ ಜಾಗ. ಅವನು ಮೊಣಕೈಯಿಂದ ನನ್ನನ್ನು ದೂರ ತಳ್ಳಿದ.

“ಮಗೂನ ಕರ್ಕೊಂಡು ಮುಂದಕ್ಕೆ ಹೋಗು.”

“ಡಡ್ಲಿ...”

“ಹೋಗೇ!”

ಹೋದೆ. ಅವನನ್ನು ಅಲ್ಲಿ ಬಿಟ್ಟು ಹೋದೆ. ಟೀಗನ್‌ಳ ರಟ್ಟೆ ಹಿಡಿದು ಎಬ್ಬಿಸಿದೆ. “ನಿಧಾನಕ್ಕೆ ಎದ್ದೇಳು. ಏನೂ ಕೇಳ್ಬೇಡ. ನಡೀ.” ಅವಳು ನನ್ನ ಮುಖ ನೋಡಿ ಎದ್ದಳು. ದೋಣಿಯ ನಡುವಿನ ಹಾದಿಯಲ್ಲಿ ಅವಳನ್ನು ನಡೆಸಿಕೊಂಡು ಹೋದೆ. ಮೂತಿಯ ತುದಿಯ ಹಗ್ಗದ ಸುರುಳಿಯ ಮೇಲೆ ಅವಳನ್ನು ಕೂರಿಸಿ ಜನರ ಕಡೆ ತಿರುಗಿದೆ. ಮೇರಿ ಪೆಲ್ಹಮ್ ತಿರುವು ದಾಟಿದ್ದಳು. ಆಗಲೇ ನಾಲ್ಕೈದು ಮಂದಿ ಎದ್ದಿದ್ದರು.

“ಕೂತ್ಕೊಳ್ಳಿ!” ಎಂದು ಅರಚಿದೆ. “ಎಲ್ರೂ ಇದ್ದಲ್ಲೇ ಕೂತ್ಕೊಳ್ಳಿ! ಎದ್ದವರನ್ನ ನಾನೇ ನದಿಗೆ ತಳ್ತೀನಿ!”

ಜನ ನಕ್ಕರು. ಇದೂ ಟಿಕೆಟ್ಟಿನೊಳಗೆ ಸೇರಿದ ನಾಟಕ ಎಂದುಕೊಂಡಿರಬೇಕು. ಲಯಲ್ ಕ್ಯಾಮೆರಾ ಎತ್ತಿಕೊಂಡು ಪಕ್ಕದ ಕಟಕಟೆಯತ್ತ ಹೊರಟಿದ್ದ, ಅವನ ಹಿಂದೆ ಇನ್ನಷ್ಟು ಜನ. ನಾನು ಅವನ ಕೋಟಿನ ಕಾಲರು ಹಿಡಿದು ಜಗ್ಗಿದೆ. ಎದುರಿಗಿದ್ದ ಬೆಂಚಿನ ಮೇಲೆ ದೊಪ್ಪೆಂದು ಬಿದ್ದ.

“ನಿಮ್ಮ ಬಣ್ಣದ ತಗಡು ನಮ್ಮನ್ನ ಸುಡ್ತಿದೆ ಲಯಲ್. ಅಲ್ಲಾಡಿದ್ರೆ ಎಲ್ರೂ ಸಾಯ್ತೀವಿ” ಎಂದು ಕಿವಿಯಲ್ಲಿ ಹೇಳಿದೆ.

ಅಧ್ಯಕ್ಷರೇ ಹಾಗೆ ಕೂತದ್ದನ್ನು ಕಂಡು ಜನರ ನಗು ನಿಂತಿತು. ಎದ್ದವರು ಒಬ್ಬೊಬ್ಬರಾಗಿ ಕೂತರು. ಒಂದು ಕಪ್ಪು ಉರುಳಿ ಬಿದ್ದು ಟೀ ಚೆಲ್ಲಿತು, ಯಾರೂ ಎತ್ತಲಿಲ್ಲ.

ಮೇರಿ ಪೆಲ್ಹಮ್ ಸೀಟಿ ಹಾಕಿದಳು. ಒಂದು, ಎರಡು, ಮೂರು. ಆಮೇಲೆ ಸುಮ್ಮನಾಗಿ ನಮ್ಮ ಉತ್ತರಕ್ಕೆ ಕಾದಳು. ನಾನು ಚುಕ್ಕಾಣಿಕೋಣೆಯನ್ನೇ ನೋಡುತ್ತಿದ್ದೆ. ರೆಕ್ಸ್‌ನ ಕೈ ತಲೆಯ ಮೇಲಿನ ಹಗ್ಗದವರೆಗೂ ಹೋಗಿ, ಅಲ್ಲೇ ನಿಂತು, ಕೆಳಗಿಳಿಯಿತು.

ಎರಡು ದೋಣಿಗಳೂ ಮಾತಿಲ್ಲದೆ ಹತ್ತಿರ ಬಂದವು. ಅವರ ಜನ ಮಾತ್ರ ಕೈ ಬೀಸುತ್ತಿದ್ದರು. ಅವರ ಕ್ಯಾಪ್ಟನ್ ಕಿಟಕಿಯಿಂದ ತಲೆ ಹೊರಹಾಕಿ ನಮ್ಮನ್ನು ದಿಟ್ಟಿಸಿದ. ನಮ್ಮಲ್ಲಿ ಕೈ ಬೀಸುವವರಿಲ್ಲ, ಎದ್ದು ನಿಂತವರಿಲ್ಲ, ಎಲ್ಲರೂ ಸಾವಿನ ಮನೆಯಲ್ಲಿ ಕೂತವರ ಹಾಗೆ. ಅವನು ನಿಧಾನವಾಗಿ ಟೋಪಿ ತೆಗೆದ. ಅವರ ಒಲೆಯವನು ತೆಗೆದ, ಹಗ್ಗದವನು ತೆಗೆದ. ನೋಡುನೋಡುತ್ತಿದ್ದಂತೆ ಅವರ ಪ್ರಯಾಣಿಕರ ಕೈಗಳೂ ಇಳಿದವು.

“ಅಮ್ಮ, ಟೋಪಿ ಯಾಕೆ ತೆಗೆದ್ರು?” ಎಂದಳು ಟೀಗನ್. ಕೇಳಿದ ಮೇಲೆ ಅವಳಿಗೇ ತಿಳಿಯಿತು. ಅವಳು ಊರಿನ ದೋಣಿಕಟ್ಟೆಯ ಮೇಲೆ ಆಡಿ ಬೆಳೆದವಳು. “ಅಪ್ಪ ಎಲ್ಲಿ?”

“ಕೂತ್ಕೊ.”

“ಅಪ್ಪ ಎಲ್ಲಮ್ಮ?”

ಅವಳು ಏಳಲು ಹೊರಟಳು. ನಾನು ಭುಜ ಒತ್ತಿ ಕೂರಿಸಿದೆ. ಮತ್ತೆ ಎದ್ದಳು, ಮತ್ತೆ ಒತ್ತಿದೆ, ಬಸುರಿ ಹೆಂಗಸು ಎಂದೂ ನೋಡದೆ. ಹಿಂದೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಆ ಟೋಪಿ ತೆಗೆದವರು ನಮ್ಮ ಒಲೆಯ ಕಡೆಯೇ ನೋಡುತ್ತಿದ್ದರು. ಅವರಿಗೆ ಅಲ್ಲೇನೋ ಕಂಡಿದೆ, ನನಗೆ ಮಾತ್ರ ಗೊತ್ತಿಲ್ಲ ಅನ್ನಿಸಿತು. ಡಡ್ಲಿ ಬಿದ್ದಿದ್ದಾನೆ ಅನ್ನಿಸಿತು. ಮಗಳ ಭುಜದ ಮೇಲೆ ನನ್ನ ಬೆರಳ ಗುರುತು ಬಹಳ ದಿನ ಇತ್ತು.

ಚಕ್ರಗಳ ಸದ್ದು ಕಡಿಮೆಯಾಗುತ್ತ ಬಂತು. ನಿಂತೇಹೋಯಿತು. ಹರಿವಿನ ಜೊತೆ ತೇಲಿಕೊಂಡು ಹೋದ ಇಸಬೆಲ್ ಒಳತಿರುವಿನ ಮರಳಿಗೆ ಮೆಲ್ಲಗೆ ಒರಗಿದಳು. ಎಲ್ಲೋ ಒಂದು ಕಾಕಟೂ ಹಕ್ಕಿ ಕಿರುಚಿತು. ಆಗ ಟೀಗನ್‌ಳನ್ನು ಬಿಟ್ಟು ಹಿಂದಕ್ಕೆ ನಡೆದೆ.

ಅವನು ಸೌದೆರಾಶಿಯ ಮೇಲೆ ಕೂತಿದ್ದ. ತಲೆಯಿಂದ ಬೂಟಿನವರೆಗೆ ಬೂದಿ. ಹುಬ್ಬು ಸುಟ್ಟು ಸೀದಿತ್ತು. ಒಲೆಯ ಬಾಗಿಲು ಮುಚ್ಚಿತ್ತು. ನಾನು ಅವನ ಮುಖ, ಕುತ್ತಿಗೆ, ಕೈ ಎಲ್ಲ ಮುಟ್ಟಿ ನೋಡಿದೆ. ಇದ್ದ. ಬೈಯಬೇಕೆಂದುಕೊಂಡಿದ್ದೆ, ಅಳು ಬಂತು. ಬೆನ್ನ ಹಿಂದೆಯೇ ಬಂದ ಟೀಗನ್ ಅವನ ಕೊರಳಿಗೆ ಬಿದ್ದು ಹೊಟ್ಟೆ ಅದುರುವಂತೆ ಅತ್ತಳು. ಅವನು ಅವಳ ಬೆನ್ನು ತಟ್ಟಿದ.

ಜನರನ್ನು ಹಲಗೆ ಹಾಕಿ ದಂಡೆಗೆ ಇಳಿಸಿದೆವು, ಬಸ್ಸು ಬಂದು ಕರೆದುಕೊಂಡು ಹೋಯಿತು. ಲಯಲ್ ಮಾತ್ರ ನಮ್ಮ ಹತ್ತಿರ ಬಂದು ಟೋಪಿ ಹಿಂಡುತ್ತ ನಿಂತ. “ವರ್ನಾ, ಆ ಪಟ್ಟೆ... ನಾಳೆನೇ ಮತ್ತೆ ಬಳಿಸ್ತೀನಿ” ಎಂದ.

“ನಾಳೆ ಯಾಕೆ? ಈಗ್ಲೇ ಆ ಬಣ್ಣ ನಿಮ್ಮ ಉಗುರಲ್ಲಿ ಕೆರೀರಿ” ಎಂದೆ. ಅವನು ಹೋಗಿ ನಿಜವಾಗಿಯೂ ಕೆರೆಯತೊಡಗಿದ. ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ.

ಬಾಯ್ಲರು ಸ್ವಲ್ಪ ಆರಿದ ಮೇಲೆ ಡಡ್ಲಿ ದೋಣಿಯ ಪಕ್ಕಕ್ಕೆ ಕರೆದ. ನದಿಯಿಂದ ಪಂಪಿಗೆ ನೀರೆಳೆಯುವ ಕೊಳವೆಯ ಬಾಯಿಗೆ ಜಾಲರಿಯ ಒಂದು ಬುಟ್ಟಿ ಇದೆ. ಅದನ್ನು ಬಿಚ್ಚಿ ಮೇಲೆಳೆದು ನನ್ನ ಮುಂದೆ ಇಟ್ಟ. ತೊಗಟೆಯ ನಾರು, ಎಲೆ, ಕೆಂಪು ಪಾಚಿ ಎಲ್ಲ ಸೇರಿ ಕಂಬಳಿಯ ಹಾಗೆ ಒತ್ತಾಗಿ ಮೆತ್ತಿಕೊಂಡಿತ್ತು. ಬೆರಳು ತೂರಲಿಲ್ಲ.

“ಇದ್ರಿಂದಾನೇ ಬಾಯ್ಲರ್ ಬತ್ತಿದ್ದು” ಎಂದೆ. “ಪಂಪು ಬರೀ ಗಾಳಿ ಜಗ್ತಿತ್ತು. ಹಾಳು ಪಾಚಿ.”

ಅವನು ತಲೆಯೆತ್ತಲಿಲ್ಲ.

“ನೀನು ಆ ಕಡೆ ಹೋದ್ಮೇಲೆ ನಾನು ತೆರೆದೆ ವರ್ನಾ.”

“ಏನನ್ನ?”

“ಪಂಪನ್ನ.”

ನನಗೆ ಅರ್ಥವಾಗಲಿಲ್ಲ. ಅವನು ತನ್ನ ಬಲಗೈಯನ್ನು ಯಾರದೋ ಕೈ ನೋಡುವಂತೆ ನೋಡಿಕೊಳ್ಳುತ್ತಿದ್ದ.

“ಬೂದಿ ಹಾಕ್ತಿದ್ದೆ. ಬಗ್ಗಿ ನೋಡ್ದೆ, ನೆತ್ತಿ ಕೆಂಪಗೆ ಹೊಳೀತಿತ್ತು. ಸೀಸ ಬೆವರ್ತಿತ್ತು. ತುಂಬ ಹೆದರಿದೆ ಕಣೇ. ತಲೆ ಬೇಡ ಬೇಡ ಅಂತಿದೆ, ಕೈ ತಾನಾಗೇ ಹೋಯ್ತು. ನೀರು ಕಮ್ಮಿಯಾದ್ರೆ ಪಂಪು ತೆಗಿ, ನಲವತ್ತು ವರ್ಷ ಅದನ್ನೇ ಮಾಡಿದ ಕೈ ಇದು. ಪೂರ್ತಿ ತೆರೆದೆ. ಚಕ್ರ ಇನ್ನೂ ತಿರುಗ್ತಿತ್ತು. ಪಂಪು ನಾಲ್ಕೈದು ಸಲ ಎಳೀತು. ನೀರು ಬರ್ಲಿಲ್ಲ. ಆಮೇಲೆ ಬುದ್ಧಿ ಬಂದು ಮುಚ್ದೆ.”

ಒಂದು ಹಿಡಿ ಪಾಚಿ ಸಡಿಲವಾಗಿದ್ದರೆ ಸಾಕಿತ್ತು. ಒಂದು ಲೋಟ ನೀರು ದಾಟಿದ್ದರೆ ಸಾಕಿತ್ತು. ನಾನು ಜನರನ್ನು ಕೂರಿಸಿದ್ದು, ರೆಕ್ಸ್ ಸೀಟಿಯ ಹಗ್ಗ ಬಿಟ್ಟದ್ದು, ಮಗಳ ಭುಜ ಒತ್ತಿ ಹಿಡಿದದ್ದು, ಎಲ್ಲ ಹಾಗೇ ಇದ್ದೂ, ಎಲ್ಲರೂ ಹೋಗಿರುತ್ತಿದ್ದೆವು. ದೋಣಿಯ ಮೇಲೆ ಆ ಹೊತ್ತು ಆದದ್ದು ಹೆದರಿಕೆಯೇ ಅಲ್ಲ, ಹೆದರಿಕೆ ಎಂದರೇನೆಂದು ಈ ಬುಟ್ಟಿಯ ಮುಂದೆ ಗೊತ್ತಾಯಿತು. ಒದ್ದೆ ಹಲಗೆಯ ಮೇಲೇ ಕೂತೆ. ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಅದರಿಂದ ಒಂದು ಎಳೆಯನ್ನೂ ಕೀಳಲು ಕೈ ಬರಲಿಲ್ಲ.

“ಟೀಗನ್‌ಗೆ ಹೇಳ್ಬೇಡ” ಎಂದ ಡಡ್ಲಿ.

ದಂಡೆಯ ಮೇಲೆ ಅವಳು ಯಾರದೋ ಫ್ಲಾಸ್ಕಿನಿಂದ ಕಪ್ಪಿಗೆ ಬಗ್ಗಿಸುತ್ತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ನಮ್ಮ ಕಡೆ ತಿರುಗಿ ಕೂಗಿದಳು: “ಅಪ್ಪಾ, ಟೀ ಕುಡೀತೀಯಾ?”

ಅವನು ಆ ಬಲಗೈಯನ್ನು ಜೇಬಿಗೆ ತುರುಕಿಕೊಂಡ.

“ಕುಡೀತಾನೆ, ತಗೊಂಡ್ಬಾ” ಎಂದೆ ನಾನೇ.